ಕುಂಟೆಬಿಲ್ಲೆಯ ಎಂಟು ಮನೆಗಳು

ಅಂಗಳದಲ್ಲಿ ಇದ್ದಿಲಿನಿಂದ ಎಳೆದ ಎಂಟು ಮನೆಗಳು, ಅಂಚು ಉಜ್ಜಿ ನಯಮಾಡಿದ ಒಂದು ಹಂಚಿನ ಚೂರು: ಕುಂಟೆಬಿಲ್ಲೆಗೆ ಇಷ್ಟಿದ್ದರೆ ಸಾಕು. ಆರು ವರ್ಷದ ಹುಡುಗಿಯೊಬ್ಬಳು ಬಿಲ್ಲೆಯನ್ನು ಮೂರನೆಯ ಮನೆಗೆ ಎಸೆದು, ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಎಡಗಾಲನ್ನು ಮಡಚಿಕೊಂಡು ಕುಂಟುತ್ತ ಹೊರಡುತ್ತಾಳೆ. ನೋಡುವವರಿಗೆ ಅದು ಹೊತ್ತು ಕಳೆಯುವ ಆಟ. ಅವಳ ಮೂಳೆ, ಕಿವಿ, ಕಣ್ಣು ಮತ್ತು ಮಿದುಳಿಗೆ ಅದು ಬೆಳವಣಿಗೆಯ ಕೆಲಸ.

ಮೂಳೆಯಿಂದ ಆರಂಭಿಸೋಣ. ಒಂಟಿ ಕಾಲಿನಲ್ಲಿ ಹಾರಿ ಇಳಿದಾಗಲೆಲ್ಲ ಆ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ಆ ಹೊಡೆತಕ್ಕೆ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರೊಳಗಿನ ಅತಿ ಸಣ್ಣ ನಾಳಗಳಲ್ಲಿರುವ ದ್ರವ ಅಲುಗಾಡುತ್ತದೆ, ಆ ಅಲುಗಾಟವನ್ನು ಗ್ರಹಿಸಿದ ಮೂಳೆಯ ಜೀವಕೋಶಗಳು ಒತ್ತಡ ಬಿದ್ದ ಜಾಗವನ್ನು ಇನ್ನಷ್ಟು ಗಟ್ಟಿ ಮಾಡುವಂತೆ ಸೂಚನೆ ಕೊಡುತ್ತವೆ. ಆದರೆ ಬಿಡುವಿಲ್ಲದೆ ಒಂದೇ ಸಮನೆ ಹೊಡೆತ ಬೀಳುತ್ತಿದ್ದರೆ ಈ ಜೀವಕೋಶಗಳು ಬೇಗನೆ ಮಂದವಾಗುತ್ತವೆ. ನಡುವೆ ವಿರಾಮ ಸಿಕ್ಕರೆ ಮತ್ತೆ ಚುರುಕಾಗುತ್ತವೆ. ದಿನಕ್ಕೆ ಐದೇ ಐದು ಬಾರಿ ಜಿಗಿದ ಇಲಿಗಳ ಕಾಲಿನ ಮೂಳೆಗಳೂ ಜಿಗಿಯದ ಇಲಿಗಳ ಮೂಳೆಗಳಿಗಿಂತ ಬಲವಾಗಿದ್ದುದನ್ನು ಜಪಾನಿನ ಸಂಶೋಧಕರು 1997ರಲ್ಲಿ ತೋರಿಸಿದರು. ಎಂಟು ಹತ್ತು ಬಾರಿ ಕುಂಟಿ, ಔಟಾಗಿ, ಗೋಡೆಗೊರಗಿ ತನ್ನ ಸರದಿಗಾಗಿ ಕಾಯುವ ಮಗುವಿಗೆ ಈ ವಿರಾಮ ಆಟದ ನಿಯಮದಲ್ಲಿಯೇ ದೊರೆಯುತ್ತದೆ ಎಂಬುದು ನನಗೆ ಬಹಳ ಸೊಗಸಾದ ಸಂಗತಿಯಾಗಿ ಕಾಣುತ್ತದೆ.

ಮನೆಗಳೆಲ್ಲ ಮುಗಿದ ಮೇಲೆ ಇನ್ನೂ ಕಷ್ಟದ ಒಂದು ಹಂತವಿದೆ. ಬಿಲ್ಲೆಯನ್ನು ಹಣೆಯ ಮೇಲಿಟ್ಟುಕೊಂಡು, ಮುಖವನ್ನು ಆಕಾಶಕ್ಕೆ ಎತ್ತಿ, ಗೆರೆ ತುಳಿಯದೆ ಮನೆಯಿಂದ ಮನೆಗೆ ದಾಟುತ್ತ, ಪ್ರತಿ ಹೆಜ್ಜೆಗೂ “ರೈಟಾ?” ಎಂದು ಕೇಳಬೇಕು, ಉಳಿದವರು “ರೈಟು!” ಎನ್ನಬೇಕು. ಸಮತೋಲನಕ್ಕೆ ನಾವು ಮೂರು ಮೂಲಗಳನ್ನು ನೆಚ್ಚಿಕೊಂಡಿದ್ದೇವೆ: ಕಣ್ಣು, ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ಮತ್ತು ಅವುಗಳ ಪಕ್ಕದ ಸಣ್ಣ ಚೀಲಗಳು, ಮತ್ತು ಕೈಕಾಲು ಎಲ್ಲಿದೆಯೆಂದು ತಿಳಿಸುವ ಸ್ನಾಯು ಹಾಗೂ ಕೀಲುಗಳ ಸಂವೇದನೆ. ನೆಲವನ್ನು ನೋಡುವಂತಿಲ್ಲ ಎಂದಾಗ ಉಳಿದೆರಡು ಮೂಲಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ, ಹಾಕಿದ ಹೆಜ್ಜೆಗೂ ಹಾಕಬೇಕೆಂದಿದ್ದ ಹೆಜ್ಜೆಗೂ ಇರುವ ಅಂತರವನ್ನು ಮಿದುಳಿನ ಹಿಂಭಾಗದಲ್ಲಿರುವ ಕಿರುಮಿದುಳು ತಿದ್ದುತ್ತ ಹೋಗುತ್ತದೆ. ತಪ್ಪು ಹೆಜ್ಜೆಯಿಲ್ಲದೆ ಈ ಕಲಿಕೆ ಸಾಧ್ಯವೇ ಇಲ್ಲ. ಆದ್ದರಿಂದ ಬೀಳಬಾರದೆಂದು ಮಗುವನ್ನು ಸದಾ ಹಿಡಿದುಕೊಂಡಿರುವ ಪ್ರೀತಿ ಅದಕ್ಕೆ ಬೇಕಾದುದನ್ನೇ ತಪ್ಪಿಸುತ್ತದೆ.

ಈ ಆಟ ಬಯಲಿನಲ್ಲಿ ನಡೆಯುತ್ತದೆ ಎಂಬುದೂ ಮುಖ್ಯ. ಬೆಳಕಿನ ಪ್ರಖರತೆಯನ್ನು ಅಳೆಯುವ ಮಾನ ಲಕ್ಸ್. ತರಗತಿಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಇದ್ದರೆ, ಹಗಲಿನ ಹೊರಬೆಳಕು ಹತ್ತು ಸಾವಿರ ಲಕ್ಸನ್ನು ಸುಲಭವಾಗಿ ದಾಟುತ್ತದೆ. ಪ್ರಖರ ಬೆಳಕಿಗೆ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬಿಡುಗಡೆಯಾಗುವ ಡೋಪಮಿನ್ ಎಂಬ ರಾಸಾಯನಿಕ, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಹಾಗೆ ಉದ್ದವಾಗುವುದೇ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷಕ್ಕೆ ಸಾಮಾನ್ಯ ಕಾರಣ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಿನ ಹೊರಾಂಗಣ ಚಟುವಟಿಕೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಆ ಮಕ್ಕಳ ಪೈಕಿ ಸುಮಾರು ಶೇಕಡಾ 30ರಷ್ಟು, ಎಂದಿನಂತೆ ಓದಿದ ಮಕ್ಕಳ ಪೈಕಿ ಸುಮಾರು ಶೇಕಡಾ 40ರಷ್ಟು ಮಂದಿಗೆ ಹೊಸದಾಗಿ ಈ ದೋಷ ಕಾಣಿಸಿಕೊಂಡಿತ್ತು.

ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷಗಳಾದರೂ ದೈಹಿಕ ಚಟುವಟಿಕೆ ಇರಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವಂಥದ್ದಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಇದನ್ನು ಓದಿದ ತಂದೆತಾಯಿ ಕೂಡಲೇ ಕೋಚಿಂಗ್ ಕ್ಲಾಸ್ ಹುಡುಕುವುದುಂಟು. ಕ್ಲಾಸ್ ಬೇಡವೆಂದಲ್ಲ, ಆದರೆ ಐದು ವರ್ಷದ ಮಗುವನ್ನು ಒಂದೇ ಕ್ರೀಡೆಗೆ ಕಟ್ಟಿಹಾಕುವುದು ಸರಿಯಲ್ಲ. ಒಂದೇ ಕ್ರೀಡೆಯಲ್ಲಿ ಪರಿಣತಿಗಿಳಿಯುವುದನ್ನು 15-16 ವರ್ಷದವರೆಗಾದರೂ ಮುಂದೂಡುವುದು ಒಳ್ಳೆಯದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಸಲಹೆ ಮಾಡಿದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕೋಚ್ ಇರುವಲ್ಲಿ ತೀರ್ಪು ಅವರದು; ಅಂಗಳದಲ್ಲಿ “ಗೆರೆ ತುಳಿದೆ”, “ಇಲ್ಲ, ತುಳಿದಿಲ್ಲ” ಎಂಬ ಜಗಳವನ್ನು ಮಕ್ಕಳೇ ಬಗೆಹರಿಸಿಕೊಳ್ಳಬೇಕು. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಸ್ವಿಟ್ಜರ್‌ಲೆಂಡಿನ ಮಕ್ಕಳ ಗೋಲಿಯಾಟವನ್ನು ಕೂತು ಗಮನಿಸಿ ಕಂಡುಕೊಂಡದ್ದೂ ಇದನ್ನೇ: ನಿಯಮವೆಂದರೆ ದೊಡ್ಡವರು ಹೇಳಿದ ಬದಲಾಗದ ಮಾತು ಎಂದು ನಂಬಿದ ಚಿಕ್ಕ ಮಕ್ಕಳು, ಬೆಳೆಯುತ್ತ, ಅದು ಆಡುವವರೆಲ್ಲ ಒಪ್ಪಿ ಮಾಡಿಕೊಂಡದ್ದು ಎಂದು ಅರಿಯುತ್ತಾರೆ. ಅಂಗಳದ ಜಗಳ ಕೇಳಿ ನಾವು ಹೊರಗೆ ಓಡುವ ಮೊದಲು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಲ್ಲಬಹುದು. ಯಾರೋ ಒಬ್ಬರು “ಹೋಗ್ಲಿ, ಇನ್ನೊಂದ್ಸಲ ಆಡು” ಎನ್ನುತ್ತಾರೆ. ಆಟ ನಿಲ್ಲುವುದು ಅವರಲ್ಲಿ ಯಾರಿಗೂ ಬೇಡ.