ಟಾರ್ಕೇನಿಯನ್ ಪ್ರಕರಣ: ಕಾಲು ಶತಮಾನ ಎಳೆದ ವ್ಯಾಜ್ಯದ ಹಿನ್ನೆಲೆ

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಆಟಗಾರ ಹಣ ಪಡೆಯುವುದು ಈಗ ಅಪರಾಧವಲ್ಲ. 2021ರ ಜುಲೈಯಿಂದ ಅವರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಸಂಪಾದಿಸುತ್ತಿದ್ದಾರೆ. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯೊಂದರ ಮೇರೆಗೆ ವಿಶ್ವವಿದ್ಯಾಲಯಗಳೇ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್‌ವರೆಗೆ ಅವರಿಗೆ ನೇರವಾಗಿ ಹಂಚಬಹುದಾಗಿದೆ. ಈ ಬದಲಾವಣೆಯ ಮಾತು ಬಂದಾಗಲೆಲ್ಲ 2015ರಲ್ಲಿ ತೀರಿಕೊಂಡ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜೆರ್ರಿ ಟಾರ್ಕೇನಿಯನ್ ಅವರ ಹೆಸರೂ ಬರುತ್ತದೆ. ಕೆಲವರ ಪಾಲಿಗೆ ಅವರು ನಿಯಮಗಳನ್ನು ಗಾಳಿಗೆ ತೂರಿದವರು, ಉಳಿದವರ ಪಾಲಿಗೆ ಸಂಸ್ಥೆಯೊಂದರ ಹಟಕ್ಕೆ ಸಿಕ್ಕವರು. ಈ ಎರಡು ತೀರ್ಮಾನಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ತಿಳಿಯಬೇಕಾದರೆ 1970ರ ದಶಕಕ್ಕೆ ಹೋಗಬೇಕು.

ಟಾರ್ಕೇನಿಯನ್ ಹುಟ್ಟಿದ್ದು 1930ರಲ್ಲಿ, ಒಹಾಯೊ ರಾಜ್ಯದ ಆರ್ಮೇನಿಯನ್ ವಲಸೆ ಕುಟುಂಬದಲ್ಲಿ. ಕ್ಯಾಲಿಫೋರ್ನಿಯಾದ ಪ್ರೌಢಶಾಲೆಗಳಲ್ಲಿ ಪಳಗಿ, ಎರಡು ವರ್ಷದ ಕಿರಿಯ ಕಾಲೇಜುಗಳಲ್ಲಿ 1964ರಿಂದ 1967ರವರೆಗೆ ಸತತವಾಗಿ ನಾಲ್ಕು ರಾಜ್ಯ ಪ್ರಶಸ್ತಿ ಗೆದ್ದು, 1968ರಲ್ಲಿ ಅವರು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದರು. ದೊಡ್ಡ ವಿಶ್ವವಿದ್ಯಾಲಯಗಳು ಗಣನೆಗೆ ತೆಗೆದುಕೊಳ್ಳದ, ಬಹುತೇಕ ಕಪ್ಪುಜನಾಂಗದ ಕಿರಿಯ ಕಾಲೇಜಿನ ಹುಡುಗರನ್ನು ಕಟ್ಟಿಕೊಂಡು, 1971ರಲ್ಲಿ ಅಂದಿನ ಅಜೇಯ ಶಕ್ತಿಯೆನಿಸಿದ್ದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡವನ್ನು ಅವರು ಸೋಲಿನ ಅಂಚಿಗೆ ತಂದರು. ಆ ಪಂದ್ಯ 57-55ರಲ್ಲಿ ಕೈತಪ್ಪಿತು.

ಅದೇ ಕಾಲದಲ್ಲಿ ಅವರು ಸ್ಥಳೀಯ ಪತ್ರಿಕೆಯ ಅಂಕಣದಲ್ಲಿ, ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯು ದೊಡ್ಡ ವಿಶ್ವವಿದ್ಯಾಲಯಗಳನ್ನು ಬಿಟ್ಟು ಸಣ್ಣವನ್ನು ಮಾತ್ರ ಹಿಡಿಯುತ್ತದೆ ಎಂದು ಬರೆದರು. ಅವರ ತಂಡಗಳ ಮೇಲಿನ ತನಿಖೆಗಳು ಈ ಬರಹಕ್ಕೆ ಬಂದ ಉತ್ತರವೆಂದು ಬೆಂಬಲಿಗರು ಇಂದಿಗೂ ಹೇಳುತ್ತಾರೆ. ಆದರೆ ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದ ಮೇಲಿನ ಪ್ರಾಥಮಿಕ ವಿಚಾರಣೆಯ ನೋಟಿಸು 1972ರ ನವೆಂಬರ್‌ನದು. ಟಾರ್ಕೇನಿಯನ್ ಅಲ್ಲಿಗೆ ಸೇರಿದ್ದು 1973ರಲ್ಲಿ. ಅವರು ಬಿಟ್ಟುಬಂದ ಲಾಂಗ್ ಬೀಚ್‌ಗೂ 1974ರಲ್ಲಿ ದಂಡನೆಯಾಯಿತು.

ಲಾಸ್ ವೇಗಸ್ ತಂಡ ಪಂದ್ಯಕ್ಕೆ ನೂರಕ್ಕೂ ಹೆಚ್ಚು ಅಂಕ ಗಳಿಸುತ್ತ 1977ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕರ ಹಂತ ತಲುಪಿತು. ಆ ಆಗಸ್ಟ್‌ನಲ್ಲಿ ಎನ್‌ಸಿಎಎ ತನ್ನ ನಿಯಮಗಳ 38 ಉಲ್ಲಂಘನೆಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಹತ್ತು ಟಾರ್ಕೇನಿಯನ್‌ಗೆ ಸಂಬಂಧಿಸಿದ್ದವು. ತಂಡಕ್ಕೆ ಎರಡು ವರ್ಷದ ಶಿಕ್ಷೆ ವಿಧಿಸಿದ್ದಲ್ಲದೆ, ತರಬೇತುದಾರರನ್ನು ಎರಡು ವರ್ಷ ದೂರವಿಡದಿದ್ದರೆ ಇನ್ನಷ್ಟು ಶಿಕ್ಷೆ ಏಕೆ ವಿಧಿಸಬಾರದೆಂದು ಕಾರಣ ಕೇಳಿತು. ನಿಯಮ ಮಾಡಿದ್ದು, ತನಿಖೆ ನಡೆಸಿದ್ದು, ತೀರ್ಪು ಕೊಟ್ಟಿದ್ದು ಎಲ್ಲವೂ ಒಂದೇ ಸಂಸ್ಥೆ. ವಿಶ್ವವಿದ್ಯಾಲಯ ರಾಜ್ಯದ ಅಟಾರ್ನಿ ಜನರಲ್ ನೆರವಿನಿಂದ ತಾನೇ ತನಿಖೆ ನಡೆಸಿ, ಅಫಿಡವಿಟ್‌ಗಳ ಕಂತೆಯೊಂದಿಗೆ ಆರೋಪಗಳನ್ನು ಅಲ್ಲಗಳೆದಿತ್ತು. ಆದರೂ ಶಿಕ್ಷೆ ಬಂದಾಗ ಅದರ ಮುಂದೆ ಮೂರೇ ದಾರಿಗಳಿದ್ದವು: ಆದೇಶವನ್ನು ಧಿಕ್ಕರಿಸುವುದು, ಒಪ್ಪಿಕೊಳ್ಳುವುದು, ಇಲ್ಲವೇ ಎನ್‌ಸಿಎಎಯಿಂದಲೇ ಹೊರಬರುವುದು. ಆರೋಪಗಳ ಬಗ್ಗೆ ಗಂಭೀರ ಸಂದೇಹವಿದೆ ಎನ್ನುತ್ತಲೇ ಅದು ಎರಡನೆಯದನ್ನು ಆರಿಸಿಕೊಂಡಿತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುವ ನಿರ್ಧಾರವಿದು.

ಅಮಾನತು ಜಾರಿಯಾಗುವ ಹಿಂದಿನ ದಿನ ಟಾರ್ಕೇನಿಯನ್ ನೆವಾಡಾ ನ್ಯಾಯಾಲಯದಿಂದ ರಕ್ಷಣೆ ಕೋರಿದರು, ತಡೆಯಾಜ್ಞೆ ಸಿಕ್ಕಿತು. ಎನ್‌ಸಿಎಎಯನ್ನು ಪ್ರತಿವಾದಿಯಾಗಿ ಸೇರಿಸಿಲ್ಲವೆಂಬ ಕಾರಣಕ್ಕೆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಅದನ್ನು ತಳ್ಳಿಹಾಕಿತು. ಹೊಸ ವಿಚಾರಣೆ ನಡೆದು 1984ರಲ್ಲಿ ಅವರೇ ಗೆದ್ದರು, 1987ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅವರ ಪರ ನಿಂತಿತು. ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಉಳಿದಿದ್ದ ಪ್ರಶ್ನೆ ಅವರು ತಪ್ಪು ಮಾಡಿದರೇ ಇಲ್ಲವೇ ಎಂಬುದಾಗಿರಲಿಲ್ಲ. ಸಂವಿಧಾನದ 14ನೇ ತಿದ್ದುಪಡಿ ಹೇಳುವ ನ್ಯಾಯಯುತ ವಿಚಾರಣೆಯ ಹೊಣೆ ಸರ್ಕಾರಕ್ಕೆ ಮಾತ್ರ ಅನ್ವಯಿಸುತ್ತದೆ; ವಿಶ್ವವಿದ್ಯಾಲಯ ಸರ್ಕಾರಿ, ಎನ್‌ಸಿಎಎ ಖಾಸಗಿ. ಹಾಗಾದರೆ ಖಾಸಗಿ ಸಂಸ್ಥೆಯ ಒತ್ತಡದಿಂದ ಸರ್ಕಾರಿ ಸಂಸ್ಥೆ ನೌಕರನನ್ನು ಅಮಾನತು ಮಾಡಿದಾಗ ಹೊಣೆ ಯಾರದು?

1988ರ ಡಿಸೆಂಬರ್ 12ರಂದು ಪೀಠ 5-4ರಲ್ಲಿ ಒಡೆಯಿತು. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್, ವಿಶ್ವವಿದ್ಯಾಲಯ ಮತ್ತು ಎನ್‌ಸಿಎಎ ಪರಸ್ಪರ ಎದುರಾಳಿಗಳಾಗಿದ್ದವು, ಹೊರಹೋಗುವ ಸ್ವಾತಂತ್ರ್ಯವೂ ವಿಶ್ವವಿದ್ಯಾಲಯಕ್ಕಿತ್ತು, ಆದ್ದರಿಂದ ಎನ್‌ಸಿಎಎ ಸರ್ಕಾರವಾಗುವುದಿಲ್ಲ ಎಂದರು. ಭಿನ್ನಮತದ ತೀರ್ಪು ಬರೆದವರು, ಒಂದು ಕಾಲದಲ್ಲಿ ಸ್ವತಃ ಕಾಲೇಜು ಫುಟ್‌ಬಾಲ್ ತಾರೆಯಾಗಿದ್ದ ಬೈರನ್ ವೈಟ್. ಎನ್‌ಸಿಎಎಯ ನಿಯಮ ಮತ್ತು ತೀರ್ಮಾನಗಳನ್ನು ಪಾಲಿಸಲು ವಿಶ್ವವಿದ್ಯಾಲಯ ಮೊದಲೇ ಒಪ್ಪಿದ್ದರಿಂದ ಎರಡೂ ಜೊತೆಯಾಗಿಯೇ ವರ್ತಿಸಿವೆ ಎಂಬುದು ಅವರ ನಿಲುವು. ನಮ್ಮ ಸುಪ್ರೀಂ ಕೋರ್ಟ್ ಕೂಡ 2005ರಲ್ಲಿ ಬಿಸಿಸಿಐ ಬಗ್ಗೆ ಇಂಥದೇ ಪ್ರಶ್ನೆ ಎದುರಿಸಿ, 3-2ರ ಬಹುಮತದಿಂದ ಅದು ‘ಪ್ರಭುತ್ವ’ವಲ್ಲ ಎಂದಿತು, ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ವ್ಯತ್ಯಾಸವೆಂದರೆ, ಸಾರ್ವಜನಿಕ ಕರ್ತವ್ಯ ನಿರ್ವಹಿಸುವ ಸಂಸ್ಥೆಯ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವ ದಾರಿ ಇಲ್ಲಿ ತೆರೆದೇ ಇತ್ತು. ನೆವಾಡಾ ಶಾಸನಸಭೆ 1991ರಲ್ಲಿ ಎನ್‌ಸಿಎಎ ವಿಚಾರಣೆಗಳಿಗೂ ನ್ಯಾಯಯುತ ವಿಧಾನ ಕಡ್ಡಾಯವೆಂದು ಕಾನೂನು ಮಾಡಿತು. ಅದನ್ನು ಒಕ್ಕೂಟ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ರದ್ದುಪಡಿಸಿತು.

ಆಟದಂಗಳದ ಗೆಲುವುಗಳು ಈ ವ್ಯಾಜ್ಯಕ್ಕೆ ಕಾಯಲಿಲ್ಲ. 1990ರ ಫೈನಲ್‌ನಲ್ಲಿ ಲಾಸ್ ವೇಗಸ್ ತಂಡ ಡ್ಯೂಕ್ ವಿಶ್ವವಿದ್ಯಾಲಯವನ್ನು 103-73ರಿಂದ ಸೋಲಿಸಿತು. ಫೈನಲ್ ಒಂದರಲ್ಲಿ 30 ಅಂಕಗಳ ಅಂತರ ಅಲ್ಲಿಯವರೆಗೆ ಕಂಡಿರಲಿಲ್ಲ. ಕೆಲವೇ ತಿಂಗಳಲ್ಲಿ ಎನ್‌ಸಿಎಎ, ತಡೆಯಾಜ್ಞೆಯಿಂದ ಜಾರಿಯಾಗದೆ ಉಳಿದಿದ್ದ 1977ರ ಹಳೆಯ ಶಿಕ್ಷೆಯ ಬಾಕಿಯೆಂದು 1991ರ ಪಂದ್ಯಾವಳಿಯಿಂದ ತಂಡವನ್ನು ಹೊರಗಿಟ್ಟು, ಬಳಿಕ ರಾಜಿಯಾಗಿ ನಿಷೇಧವನ್ನು 1992ಕ್ಕೆ ಮುಂದೂಡಿತು. 1977ರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗರು ಅದರ ಫಲ ಉಂಡರು. ಆ ಋತುವಿನ 34 ಪಂದ್ಯಗಳನ್ನೂ ಗೆದ್ದು ಬಂದ ತಂಡ 1991ರ ಸೆಮಿಫೈನಲ್‌ನಲ್ಲಿ ಅದೇ ಡ್ಯೂಕ್‌ಗೆ 79-77ರಿಂದ ಸೋತಿತು. ಪಂದ್ಯ ಮೋಸದಾಟದಲ್ಲಿ ಶಿಕ್ಷೆಯಾಗಿದ್ದ ವ್ಯಕ್ತಿಯೊಬ್ಬನ ಜೊತೆ ಆಟಗಾರರಿದ್ದ ಚಿತ್ರ ಆ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬಂತು. ಜೂನ್‌ನಲ್ಲಿ ಟಾರ್ಕೇನಿಯನ್ ರಾಜೀನಾಮೆ ಘೋಷಿಸಿ, ಒಂದು ಋತು ಕಳೆದು ಹೊರನಡೆದರು.

ಸ್ಯಾನ್ ಆಂಟೋನಿಯೊದ ವೃತ್ತಿಪರ ತಂಡದಲ್ಲಿ ಇಪ್ಪತ್ತೇ ಪಂದ್ಯ ಕಳೆದು, 1995ರಲ್ಲಿ ಅವರು ತಾವು ಓದಿದ ಫ್ರೆಸ್ನೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಮರಳಿದರು. ಕಿರುಕುಳ ಆರೋಪಿಸಿ ಎನ್‌ಸಿಎಎ ಮೇಲೆ ಅವರು ಹೂಡಿದ್ದ ಎರಡನೆಯ ಮೊಕದ್ದಮೆ 1998ರಲ್ಲಿ 25 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು, ಸಂಸ್ಥೆ ತಪ್ಪೊಪ್ಪಿಕೊಳ್ಳಲಿಲ್ಲ. 2002ರಲ್ಲಿ ಅವರು ನಿವೃತ್ತರಾದ ಮೇಲೆ ಫ್ರೆಸ್ನೊ ಕೂಡ ದಂಡನೆಗೊಳಗಾಯಿತು. ಅವರು ನಡೆಸಿದ ಮೂರೂ ದೊಡ್ಡ ತಂಡಗಳಿಗೆ ಒಂದೇ ಗತಿಯಾದದ್ದು ಟೀಕಾಕಾರರ ಅತ್ಯಂತ ಬಲವಾದ ವಾದ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಎನ್‌ಸಿಎಎಗೆ ಸೇರದ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 2013ರ ಸೆಪ್ಟೆಂಬರ್‌ನಲ್ಲಿ ಅವರನ್ನು ಸೇರಿಸಿಕೊಂಡಿತು. ಆಗ ಅವರಿಗೆ 83 ವರ್ಷ.