ಹೆಸರಿನ ಗೊಂದಲದಲ್ಲಿ ಮರೆಯಾದ ತಿಮಿಂಗಿಲ

1871ರಲ್ಲಿ ಬರ್ಮಾದ ಮರ್ತಬಾನ್ ಕೊಲ್ಲಿಯ ಅಂಚಿನ ತೊರೆಯೊಂದಕ್ಕೆ ನುಗ್ಗಿ, ಹಿಂದಿರುಗಲಾಗದೆ ಸತ್ತ ತಿಮಿಂಗಿಲದ ಮೂಳೆಗಳನ್ನು ಪರಿಶೀಲಿಸಿದ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಜಾನ್ ಆಂಡರ್ಸನ್, ಅಂದಿನ ಬ್ರಿಟಿಷ್ ಬರ್ಮಾದ ಮುಖ್ಯ ಆಯುಕ್ತ ಆಶ್ಲೆ ಈಡನ್ ಗೌರವಾರ್ಥ ಅದನ್ನು ‘ಬಲೀನಾಪ್ಟೆರಾ ಈಡೆನೈ’ ಎಂದು ಕರೆದರು. ಸುಮಾರು ನಾಲ್ಕು ದಶಕಗಳ ಬಳಿಕ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಓಲ್ಸೆನ್ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಬೇಟೆಯಾಡಿದ ತಿಮಿಂಗಿಲಗಳನ್ನು ಕಂಡು, ಅಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ಕಟ್ಟಿದ ಯೋಹಾನ್ ಬ್ರೂಡ ಅವರ ಹೆಸರನ್ನಿಟ್ಟರು. ಇಂಗ್ಲಿಷ್ ಅಕ್ಷರ (Bryde) ನೋಡಿ ‘ಬ್ರೈಡ್’ ಎನ್ನುವವರೇ ಇಂದಿಗೂ ಹೆಚ್ಚು. 1950ರಲ್ಲಿ ಇವೆರಡೂ ಒಂದೇ ಎಂಬ ತೀರ್ಮಾನ ಬಂತು. ಆ ತೀರ್ಮಾನ ಎಷ್ಟು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬೇಟೆಯ ಹಡಗುಗಳಿಗಂತೂ ಈ ವಿವರ ಬೇಕಿರಲಿಲ್ಲ. ತಲೆಯ ಮೇಲೆ ಮೂರು ಏಣುಗಳಿರುವ ಬ್ರೂಡ ತಿಮಿಂಗಿಲವನ್ನೂ ಒಂದೇ ಏಣಿರುವ ಸೇಯ್ ತಿಮಿಂಗಿಲವನ್ನೂ ದಶಕಗಳ ಕಾಲ ಒಂದೇ ಲೆಕ್ಕದಲ್ಲಿ ಬರೆದುಕೊಂಡದ್ದರಿಂದ, ಯಾವುದು ಎಷ್ಟು ಸತ್ತಿತೆಂದು ಬಿಡಿಸಿ ಹೇಳುವುದು ಕಷ್ಟವಾಗಿದೆ.

ನೀಲಿ ತಿಮಿಂಗಿಲದಂಥವು ಸಾಮಾನ್ಯವಾಗಿ ತಣ್ಣನೆಯ ಕಡಲಿನಲ್ಲಿ ಉಂಡು, ಮರಿ ಹಾಕಲು ಬೆಚ್ಚಗಿನ ನೀರಿಗೆ ಬರುತ್ತವೆ. ಸುಮಾರು 15 ಮೀಟರಿನವರೆಗೆ ಬೆಳೆಯುವ ಬ್ರೂಡ ತಿಮಿಂಗಿಲಕ್ಕೆ ಊಟವೂ ಬಾಣಂತನವೂ ಬೆಚ್ಚಗಿನ ನೀರಿನಲ್ಲೇ. ಹನ್ನೊಂದು ಹನ್ನೆರಡು ತಿಂಗಳ ಗರ್ಭದ ನಂತರ ಸುಮಾರು ನಾಲ್ಕು ಮೀಟರ್ ಉದ್ದದ ಒಂದು ಮರಿ ಹುಟ್ಟುತ್ತದೆ. ನಮ್ಮ ಕರಾವಳಿಯವರು ಬೂತಾಯಿ ಎನ್ನುವ ಮೀನಿನ ಜಾತಿಯವೂ ಇದರ ಆಹಾರ. ಗಂಟಲಿನ ಕೆಳಗಿನ ನಿರಿಗೆಗಳು ಬಿಚ್ಚಿಕೊಂಡು ಬಾಯಿ ದೊಡ್ಡ ಚೀಲದಂತಾದಾಗ ನೀರನ್ನೂ ಮೀನನ್ನೂ ಒಟ್ಟಿಗೆ ತುಂಬಿಕೊಂಡು, ಮೇಲ್ದವಡೆಯಿಂದ ಇಳಿಬಿದ್ದ ಕುಂಚದಂಥ ಫಲಕಗಳ ಮೂಲಕ ನೀರನ್ನಷ್ಟೇ ಸೋಸಿ ಹೊರಬಿಡುತ್ತದೆ.

ಥಾಯ್ಲೆಂಡ್ ಕೊಲ್ಲಿಯಲ್ಲಿ ಇದು ಉಣ್ಣುವ ರೀತಿಯೇ ಬೇರೆ. ತಲೆಯನ್ನು ನೀರಿನಿಂದ ನೇರ ಮೇಲೆತ್ತಿ, ಕೆಳದವಡೆಯನ್ನು ನೀರಿನ ಮಟ್ಟಕ್ಕೆ ತಂದು, ಬಾಯಿ ತೆರೆದು ಹಲವು ಸೆಕೆಂಡು ಅಲುಗದೆ ನಿಲ್ಲುತ್ತದೆ. ಅಂಚಿನಿಂದ ಒಳಹರಿಯುವ ನೀರಿನೊಂದಿಗೆ ಸಣ್ಣ ಮೀನುಗಳು ತಾವಾಗಿಯೇ ಬಾಯಿಗೆ ಬಂದು ಬೀಳುತ್ತವೆ. ತಾಯಿಯ ಪಕ್ಕದಲ್ಲಿ ಮರಿಯೂ ಹೀಗೆಯೇ ನಿಲ್ಲುವುದನ್ನು ವಿಜ್ಞಾನಿಗಳು 2017ರಲ್ಲಿ ವರದಿ ಮಾಡಿದರು. ಹೀಗೆ ಒಂದೊಂದು ಕೊಲ್ಲಿಗೆ ಒಗ್ಗಿ ಬದುಕುವ ಗುಂಪುಗಳನ್ನು ಒಂದೇ ಹೆಸರಿನಡಿ ಎಣಿಸಿದರೆ, ಒಂದು ಗುಂಪು ಅಳಿದರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ನನಗೆ ಆತಂಕ ಹುಟ್ಟಿಸುವುದು ಇದೇ.

2003ರಲ್ಲಿ ಜಪಾನಿನ ವಿಜ್ಞಾನಿಗಳು, ಅಲ್ಲಿಯವರೆಗೆ ಬ್ರೂಡ ಎಂದೇ ತಿಳಿದಿದ್ದ ಕೆಲವು ಚಿಕ್ಕ ತಿಮಿಂಗಿಲಗಳು ಬೇರೆಯೇ ಪ್ರಭೇದ ಎಂದು ತೋರಿಸಿ, ಜಪಾನಿನ ತಿಮಿಂಗಿಲ ತಜ್ಞ ಒಮುರಾ ಅವರ ಹೆಸರಿಟ್ಟರು. ಮೆಕ್ಸಿಕೊ ಕೊಲ್ಲಿಯಲ್ಲಿ ಬ್ರೂಡ ಎಂದೇ ತಿಳಿದಿದ್ದವುಗಳ ನಿಜ ತಿಳಿಯಲು ಇನ್ನೂ ತಡವಾಯಿತು. 2019ರಲ್ಲಿ ಫ್ಲಾರಿಡಾದ ಎವರ್‌ಗ್ಲೇಡ್ಸ್ ತೀರದಲ್ಲಿ ಸತ್ತುಬಿದ್ದ ಗಂಡು ತಿಮಿಂಗಿಲದ ಹೊಟ್ಟೆಯಲ್ಲಿ ಗಟ್ಟಿ ಪ್ಲಾಸ್ಟಿಕ್ ಚೂರು ಸಿಕ್ಕಿತು. ಅದರ ತಲೆಬುರುಡೆಯ ಅಧ್ಯಯನ ಮತ್ತು ವಂಶವಾಹಿ ಪುರಾವೆಗಳ ಆಧಾರದ ಮೇಲೆ 2021ರಲ್ಲಿ ‘ರೈಸ್ ತಿಮಿಂಗಿಲ’ ಪ್ರತ್ಯೇಕ ಪ್ರಭೇದವಾಯಿತು. ಆ ವೇಳೆಗೆ ಉಳಿದಿದ್ದವು ನೂರಕ್ಕಿಂತ ಕಡಿಮೆ. 2010ರಲ್ಲಿ ಆ ಕೊಲ್ಲಿಯಲ್ಲಾದ ತೈಲ ಸೋರಿಕೆಯ ಪೆಟ್ಟು ತಿಂದ ಈ ಗುಂಪು ರಾತ್ರಿಯ ಬಹುಪಾಲನ್ನು ಮೇಲ್ಮೈಯಿಂದ 15 ಮೀಟರಿನೊಳಗೆ ಕಳೆಯುತ್ತದೆ. ಕತ್ತಲಲ್ಲಿ ಸಾಗುವ ಹಡಗುಗಳಿಗೆ ಅದು ಕಾಣುವುದಿಲ್ಲ.