ಒಡ್ಡಿನ ಮೇಲಿನ ಕಲ್ಲಿಗೆ ಬೆಲೆ ಬಂದಾಗ

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡದ ಬುಡದ ಹೊಲಗಳಲ್ಲಿ ಉಳುವಾಗ ನೇಗಿಲಿಗೆ ಕಪ್ಪು ಕಲ್ಲು ತಾಗುತ್ತಿತ್ತು. ಗಾತ್ರಕ್ಕಿಂತ ಭಾರ ಜಾಸ್ತಿ. ರೈತರು ಅದನ್ನು ಆರಿಸಿ ಒಡ್ಡಿನ ಮೇಲೆ ಎಸೆಯುತ್ತಿದ್ದರು, ಅಷ್ಟೇ. ಅದು ಕಬ್ಬಿಣದ ಅದಿರು. ಸಾವಿರಾರು ವರ್ಷಗಳ ಮಳೆಗೆ ಗುಡ್ಡದ ನೆತ್ತಿಯಿಂದ ಉರುಳಿ ಬಂದು ಮಸಾರಿ ಮಣ್ಣಿನಲ್ಲಿ ಹೂತುಕೊಂಡದ್ದು. ಗಣಿಯವರ ಬಾಯಲ್ಲಿ ಇದರ ಹೆಸರು ಫ್ಲೋಟ್.

ಬಳ್ಳಾರಿ ಗಣಿ ಅಂದರೆ ಬೋಳಾದ ಗುಡ್ಡವೇ ಕಣ್ಣಿಗೆ ಬರುತ್ತದೆ, ಅಲ್ವಾ? ನನಗೆ ಮಾತ್ರ ಈ ಒಡ್ಡಿನ ಕಲ್ಲೇ ಹೆಚ್ಚು ಕಾಡುತ್ತದೆ.

ಗಣಿ ಇಲ್ಲಿಗೆ ಹೊಸದೇನಲ್ಲ. ಸಂಡೂರನ್ನು ಆಳಿದ ಘೋರ್ಪಡೆ ಅರಸರ ಕಾಲದಲ್ಲೇ ಮ್ಯಾಂಗನೀಸ್ ತೆಗೆಯುತ್ತಿದ್ದರು. 1977ರಲ್ಲಿ ಸಂಡೂರು ಬಳಿಯ ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ ಕೆಲಸ ಶುರು ಮಾಡಿತು. ಆಗೆಲ್ಲ ಗಣಿ ಮೇಲೆ, ಬೇಸಾಯ ಕೆಳಗೆ. 2000ದ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳು ಅದಿರಿಗೆ ಮುಗಿಬಿದ್ದವು, ಬೆಲೆ ಏರಿತು. 2003ರಲ್ಲಿ ರಾಜ್ಯ ಸರ್ಕಾರ ತನಗೆ ಕಾಯ್ದಿರಿಸಿಕೊಂಡಿದ್ದ 11,620 ಚದರ ಕಿ.ಮೀ. ಪ್ರದೇಶವನ್ನು ಖಾಸಗಿಯವರಿಗೂ ತೆರೆಯಿತು. ಗಣಿ ಗುಡ್ಡ ಇಳಿದು ರೈತರ ಸ್ವಂತ ಪಟ್ಟಾ ಜಮೀನಿಗೆ ಬಂದದ್ದು ಆ ವರ್ಷಗಳಲ್ಲೇ.

ಜೆಸಿಬಿ ಹೊಲಕ್ಕಿಳಿದರೆ ಮೊದಲು ಹೋಗುವುದು ಮೇಲ್ಮಣ್ಣು. ಅದಿರು ಸೋಸಿಕೊಂಡ ಮೇಲೆ ಅಡಿಯ ಗರಸು ಮೇಲೆ ಬಂದು ಕೂರುತ್ತದೆ. ಆಮೇಲೆ ಅಲ್ಲಿ ಜೋಳವೂ ಇಲ್ಲ, ಶೇಂಗಾವೂ ಇಲ್ಲ. ಮಳೆ ನಂಬಿ ಕೂತವನ ಕೈಗೆ ಒಮ್ಮೆಲೇ ದುಡ್ಡು ಬಂದರೆ ಬೇಡ ಅನ್ನುವುದು ಸುಲಭವಲ್ಲ. ರೈತರದ್ದೇ ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಹೊಲ ಕೊಡದವರೂ ಪಾರಾಗಲಿಲ್ಲ. ಲಾರಿ ರಸ್ತೆ ಪಕ್ಕದ ಮೆಣಸಿನ ಗಿಡದ ಎಲೆ ಮೇಲೆ ಬೆರಳಾಡಿಸಿದರೆ ಬೆರಳು ಕೆಂಪಗಾಗುತ್ತಿತ್ತು. ಧೂಳು ಕೂತ ಎಲೆಗೆ ಬಿಸಿಲು ಸರಿಯಾಗಿ ತಾಗುವುದಿಲ್ಲ, ಉಸಿರಾಟವೂ ಕಷ್ಟ. ಮೇಲೆ ಕಾಡು ಕಡಿದಲ್ಲಿ ನೀರು ಹಿಡಿಯಲು ಬೇರಿಲ್ಲ. ಒಂದು ಜೋರು ಮಳೆಗೆ ಗಣಿಯ ವೇಸ್ಟ್ ಡಂಪಿನ ಮಣ್ಣು ಹಳ್ಳಕ್ಕಿಳಿದು ಹೊಲ, ಕೆರೆಗಳಿಗೆ ಹೂಳಾಗಿ ಬರುತ್ತದೆ.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಹೆಚ್ಚು ಅಕ್ರಮ ನಡೆಸಿದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಜಿಲ್ಲೆಯಲ್ಲಿ ತೆಗೆಯುವ ಅದಿರಿಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಬಿತ್ತು. ಆ ಮಿತಿ 2017ರಲ್ಲಿ 2.8 ಕೋಟಿಗೆ, 2022ರಲ್ಲಿ 3.5 ಕೋಟಿಗೆ ಏರಿದೆ.

ಗಣಿ ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಬೇಕೆಂದು ಕೋರ್ಟ್ ಹೇಳಿತ್ತು: ಡಂಪಿಗೆ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ, ಗಿಡ ನೆಡುವುದು. ಆದರೆ ಅದನ್ನು ಮಾಡಿದ್ದು ಗುತ್ತಿಗೆವಾರು. ಫ್ಲೋಟ್ ತೆಗೆದ ಹೊಲ ಯಾರ ಗುತ್ತಿಗೆಯೂ ಅಲ್ಲ. ಅಗೆದು ಬಿಟ್ಟ ಗುಂಡಿಗಳಲ್ಲಿ ಈಗ ಬಳ್ಳಾರಿ ಜಾಲಿ ಎದ್ದಿದೆ. ದೂರದಿಂದ ನೋಡಿದರೆ ಹಸಿರೇ. ಮೇಕೆಗಳು ಕಾಯಿ ತಿನ್ನಲು ಬರುತ್ತವೆ.